ಬಯಕೆಯ ಸೀರೆ: ಸಿರಿ ಪಾಡ್ದನದ ತಾಯಿ ಮತ್ತು ಆಕೆಯ ಮಾತು

ತುಳುನಾಡಿನ ಹಾಡುಗತೆಯಾದ ಸಿರಿ ಪಾಡ್ದನದ ನಾಯಕಿ ಸಿರಿಯನ್ನು ಮೊದಲಿಗೆ ನೊಂದ ತಾಯಿಯಾಗಿ, ಆಮೇಲೆ ಮಾತನಾಡುವ ಹೆಣ್ಣಾಗಿ ಕಾಣುವ ಓದು ಬಹುಕಾಲದಿಂದ ನಡೆದುಬಂದಿದೆ. ಈ ಓದಿನ ಕೀಲಿಕೈ ಸಿರಿ ಪಾಡ್ದನದ್ದಲ್ಲ, ಸಂಚಿಯ ಹೊನ್ನಮ್ಮನದು. ಹೆಣ್ಣನ್ನು ಹೀಗಳೆಯುವವರ ಮುಂದೆ ಆಕೆಯ ಕಾವ್ಯ 'ಹದಿಬದೆಯ ಧರ್ಮ' ತಾಯ್ತನವನ್ನೇ ಸಾಕ್ಷಿಗೆ ನಿಲ್ಲಿಸುತ್ತದೆ. ಮೈಸೂರಿನ ಚಿಕ್ಕದೇವರಾಜನ ಅರಮನೆಯಲ್ಲಿ ಆ ವಾದಕ್ಕೆ ಬೆಲೆಯಿತ್ತು. ಅದನ್ನೇ ಕರಾವಳಿಯ ಗದ್ದೆಗೆ ತಂದು ಸಿರಿಯನ್ನು ಅಳೆಯುವುದು ಸರಿಯಲ್ಲ.

ಬಯಕೆಯ ಸೀರೆಯ ಪ್ರಸಂಗವನ್ನೇ ನೋಡೋಣ. ಬಸರೂರಿನ ಕಾಂತು ಪೂಂಜ ಬಸುರಿ ಹೆಂಡತಿ ಸಿರಿಗೆಂದು ತಂದ ಸೀರೆಯನ್ನು ದಾರಿಯಲ್ಲಿ ಸೂಳೆ ಸಿದ್ದು ಉಟ್ಟುಬಿಡುತ್ತಾಳೆ. ಅದನ್ನು ಸಿರಿ ಬಯಕೆಯ ಶಾಸ್ತ್ರದ ತುಂಬಿದ ಸಭೆಯಲ್ಲಿ ನಿರಾಕರಿಸುತ್ತಾಳೆ. ಹೆಣ್ಣಿನ ತಾಯ್ತನವನ್ನು ಊರೆಲ್ಲ ಗೌರವಿಸುವ ವಿಧಿಯ ನಡುವೆಯೇ ಈ ನಿರಾಕರಣೆ ನಡೆಯುತ್ತದೆ ಎಂಬುದನ್ನು ಗಮನಿಸಬೇಕು. ಹುಟ್ಟಲಿರುವ ಮಗುವನ್ನು ಮುಂದಿಟ್ಟುಕೊಂಡು ಆಕೆ ನ್ಯಾಯ ಕೇಳುವುದಿಲ್ಲ, ತನ್ನ ಮಾನವನ್ನು ಮುಂದಿಟ್ಟು ಕೇಳುತ್ತಾಳೆ. ತಾಯ್ತನವೇ ಆಕೆಯ ಮಾತಿಗೆ ಪರವಾನಗಿಯಾಗಿದ್ದರೆ, ಸಭೆಯ ಮರ್ಯಾದೆಗೆ ಮಣಿದು ಆ ಸೀರೆಯನ್ನು ಉಡಲೇಬೇಕಿತ್ತು.

ಮುಂದಿನ ಕತೆ ಈ ವಾದವನ್ನು ಇನ್ನಷ್ಟು ಗಟ್ಟಿಮಾಡುತ್ತದೆ. ಸಿರಿ ಗಂಡನ ಸಂಬಂಧವನ್ನು ಕಡಿದುಕೊಳ್ಳುತ್ತಾಳೆ. ಮಗ ಕುಮಾರ ಮಾಯಕ್ಕೆ ಸಂದು ಕಣ್ಮರೆಯಾದ ಮೇಲೆ ಕೊಡ್ಸರಾಳ್ವನ ಕೈಹಿಡಿಯುತ್ತಾಳೆ, ಸವತಿ ಸಾಮುವನ್ನು ತಂಗಿಯಂತೆ ಕಾಣುತ್ತಾಳೆ, ಸೊನ್ನೆಯನ್ನು ಹೆರುತ್ತಾಳೆ. ಮಗನನ್ನು ಹೆತ್ತೂ ಮರುಮದುವೆಯಾದವಳೆಂದು ಪಾಡ್ದನ ಆಕೆಯನ್ನು ತಪ್ಪಿತಸ್ಥಳನ್ನಾಗಿ ಮಾಡುವುದಿಲ್ಲ. ಇದಕ್ಕೆ ಅಳಿಯಸಂತಾನದ ನೆಲೆ ಕಾರಣ ಎನ್ನುವವರ ಮಾತನ್ನು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಆ ಕಟ್ಟಿನಲ್ಲಿ ಮಗು ತಾಯಿಯ ಮನೆಗೇ ಸೇರಿದ್ದು, ಗಂಡನನ್ನು ಬಿಟ್ಟರೂ ಮಗು ಕೈತಪ್ಪುವುದಿಲ್ಲ. ಹಾಗೆಂದು ಕಟ್ಟಳೆ ಮಾತನ್ನು ಕಲಿಸಿಕೊಡುವುದಿಲ್ಲ. ಅದೇ ಕಟ್ಟಳೆಯಲ್ಲಿ ಬಾಳಿ ಬಾಯಿಬಿಡದ ಹೆಂಗಸರು ಎಷ್ಟಿದ್ದರೋ!

ಆಕರದ ವಿಚಾರದಲ್ಲೂ ನನಗೆ ತಕರಾರಿದೆ. 1998ರಲ್ಲಿ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಡನೆ ಪ್ರಕಟಿಸಿದ 15,683 ಸಾಲುಗಳ ಪಠ್ಯ ಹಾಡುಗಾರ ಮಾಚಾರು ಗೋಪಾಲ ನಾಯ್ಕರದು. ಆ ಸಾಧನೆಯ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆದರೆ ಗೋಪಾಲ ನಾಯ್ಕರು ಸಿರಿ ಆಚರಣೆಯಲ್ಲಿ ಕುಮಾರನ ಸ್ಥಾನದಲ್ಲಿ ನಿಂತವರು. ಅಲ್ಲಿ ತಾಯಿಯ ಕತೆ ಮಗನ ಬಾಯಿಂದ ಬರುತ್ತದೆ. ಎ.ವಿ. ನಾವಡರು ಸಂಪಾದಿಸಿದ ರಾಮಕ್ಕ ಮುಗ್ಗೇರ್ತಿಯವರ ಪಾಡ್ದನ ಹೆಣ್ಣಿನದೇ ಕಟ್ಟು. ಅದನ್ನು ಅಡಿಟಿಪ್ಪಣಿಗೆ ತಳ್ಳಿ ಸಿರಿಯ ತಾಯ್ತನದ ಬಗ್ಗೆ ತೀರ್ಪು ಕೊಡುವ ಆತುರ ಸಲ್ಲದು. ಗದ್ದೆಯಲ್ಲಿ ನೇಜಿ ನೆಡುತ್ತಾ ಈ ಕತೆಯನ್ನು ಉಳಿಸಿಕೊಂಡು ಬಂದವರು ಹೆಂಗಸರೇ.

ಕಾರ್ಕಳದ ನಂದಳಿಕೆ, ಉಡುಪಿಯ ಹಿರಿಯಡಕಗಳ ಸಿರಿಜಾತ್ರೆಯಲ್ಲಿ ಹಿಂಗಾರ ಹಿಡಿದ ಹೆಂಗಸರು ಸಿರಿಗಳಾಗಿ ಮಾತನಾಡುತ್ತಾರೆ, ಕುಮಾರ ಅವರನ್ನು ಮಾತಿಗೆಳೆಯುತ್ತಾನೆ. ಆತನಿಗೆ ಅಧಿಕಾರವಿದೆ ನಿಜ. ಆದರೂ ಅಲ್ಲಿ ಮಗನ ಕೆಲಸ ತಾಯಿಯ ಮಾತನ್ನು ಹೊರತರುವುದು. ಹೊನ್ನಮ್ಮ ತಾಯಿಯನ್ನು ತೋರಿಸಿ ಹೆಣ್ಣಿಗೆ ಗೌರವ ಕೇಳಿದಳು. ಸಿರಿ ಹೆಣ್ಣಾಗಿ ಮೊದಲು ಮಾತನಾಡಿದಳು, ಆಮೇಲೆ ತಾಯಿಯಾದಳು. ನಮ್ಮ ಹಳೆಯ ಕಾವ್ಯದ ಚರಿತ್ರೆ ಈ ಎರಡು ದಾರಿಗಳನ್ನೂ ಬೇರೆಬೇರೆಯಾಗಿಯೇ ದಾಖಲಿಸಬೇಕು.