ಹೊಲ ಯಾರ ಹೆಸರಿನಲ್ಲಿ? ವಿಲ್ಕಾಕ್ಸ್ ಕೌಂಟಿಯ ಹತ್ತಿ ಮತ್ತು ಕೌದಿ

ಧಾರವಾಡ ಸೀಮೆಯ ಹತ್ತಿಯ ಚರಿತ್ರೆ ಓದುವವರು ಒಂದಲ್ಲ ಒಂದು ದಿನ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಮುಟ್ಟಲೇಬೇಕು. 1861ರಿಂದ 1865ರವರೆಗೆ ಅಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ತಪ್ಪಿದಾಗ, ನಮ್ಮ ಎರೆಹೊಲಗಳ ಹತ್ತಿಗೆ ಬೆಲೆ ಏರಿತು. ಆ ಬೆಲೆಯ ಬೆನ್ನು ಹತ್ತಿ ಓದುತ್ತ ಹೋದ ನಾನು ಅಲಬಾಮಾದ ವಿಲ್ಕಾಕ್ಸ್ ಎಂಬ ಪುಟ್ಟ ಕೌಂಟಿಯಲ್ಲಿ ನಿಂತೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಜನಸಂಖ್ಯೆಯಲ್ಲಿ ಮಾತ್ರ ಇದು ನಮ್ಮ ಒಂದು ಹೋಬಳಿಗಿಂತ ದೊಡ್ಡದಲ್ಲ. 1900ರಲ್ಲಿ ಅಲ್ಲಿ 35 ಸಾವಿರಕ್ಕೂ ಹೆಚ್ಚು ಜನರಿದ್ದರು. 2020ರ ಜನಗಣತಿಯ ಹೊತ್ತಿಗೆ ಉಳಿದವರು 10,600.

ವಿಲ್ಕಾಕ್ಸ್ ಇರುವ ಪ್ರದೇಶಕ್ಕೆ ‘ಬ್ಲ್ಯಾಕ್ ಬೆಲ್ಟ್’ ಎಂದು ಹೆಸರು. ಮೊದಲು ಅದು ಮಣ್ಣಿನ ಬಣ್ಣಕ್ಕೆ ಇಟ್ಟ ಹೆಸರು. ಆಮೇಲೆ ಆ ಮಣ್ಣಿನಲ್ಲಿ ದುಡಿದವರ ಮೈಬಣ್ಣಕ್ಕೂ ಅಂಟಿತು. ಕೌಂಟಿ ಹುಟ್ಟಿದ್ದು 1819ರಲ್ಲಿ. ಅಲಬಾಮಾ ನದಿಯ ತಿರುವಿನೊಳಗೆ ಜೋಸೆಫ್ ಗೀ ಎಂಬ ಬಿಳಿಯ ಜಮೀನುದಾರ ಹತ್ತಿಯ ತೋಟ ಮಾಡಿದ್ದರಿಂದ ಅಲ್ಲಿನ ಊರಿಗೆ ‘ಗೀಸ್ ಬೆಂಡ್’ ಎಂದು ಹೆಸರಾಯಿತು. 1845ರಲ್ಲಿ ಗೀ ಮನೆತನದ ಸಾಲ ತೀರಿಸಲು ಆ ತೋಟ ಮಾರ್ಕ್ ಪೆಟ್ವೇ ಎಂಬ ಸಂಬಂಧಿಯ ಕೈಸೇರಿತು. ಅವನು ಸುಮಾರು ನೂರು ಗುಲಾಮರನ್ನು ನಾರ್ತ್ ಕ್ಯಾರೊಲಿನಾದಿಂದ ಕಾಲ್ನಡಿಗೆಯಲ್ಲಿ ಕರೆತಂದ. ಗುಲಾಮಗಿರಿ ಅಳಿದು ಒಂದೂವರೆ ಶತಮಾನ ಕಳೆದರೂ ಊರಿನ ಎಷ್ಟೋ ಮನೆಗಳ ಅಡ್ಡಹೆಸರು ಪೆಟ್ವೇ.

ಬಿಡುಗಡೆ ಬಂತು, ಹೊಲ ಬರಲಿಲ್ಲ. ಅದೇ ಜನ ಅದೇ ಹೊಲವನ್ನು ಪಾಲಿಗೆ ಮಾಡತೊಡಗಿದರು. ಬೀಜ, ಗೊಬ್ಬರ, ಹಿಟ್ಟು, ಬಟ್ಟೆ ಎಲ್ಲವೂ ವ್ಯಾಪಾರಿಯಿಂದ ಉದ್ದರಿ. ಸುಗ್ಗಿಯಲ್ಲಿ ಹತ್ತಿ ಅವನ ಗೋದಾಮಿಗೆ ಹೋಗಬೇಕು, ಲೆಕ್ಕವನ್ನೂ ಅವನೇ ಬರೆಯಬೇಕು. 1920ರ ದಶಕದಲ್ಲಿ ಹತ್ತಿಯ ಬೆಲೆ ಕುಸಿದು ಸಾಲ ಬೆಳೆಯಿತು. 1932ರಲ್ಲಿ ಗೀಸ್ ಬೆಂಡ್‌ಗೆ ಸಾಲ ಕೊಟ್ಟಿದ್ದ ವ್ಯಾಪಾರಿ ತೀರಿಕೊಂಡ. ಅವನ ಮನೆಯವರು ವಸೂಲಿಗೆ ಜನ ಕಳಿಸಿ ಅರವತ್ತಕ್ಕೂ ಹೆಚ್ಚು ಕುಟುಂಬಗಳ ದನಕರು, ನೇಗಿಲು, ಕೂಡಿಟ್ಟ ಜೋಳ ಎಲ್ಲವನ್ನೂ ಹೊತ್ತೊಯ್ದರು. ಆ ಚಳಿಗಾಲ ಊರು ಬದುಕಿದ್ದು ರೆಡ್‌ಕ್ರಾಸ್ ಕೊಟ್ಟ ಹಿಟ್ಟಿನಿಂದ.

ಇಲ್ಲಿಂದ ಚರಿತ್ರೆ ಬೇರೆ ದಾರಿ ಹಿಡಿಯಿತು. ರೂಸ್ವೆಲ್ಟ್ ಸರ್ಕಾರ ಆ ಹಳೆಯ ತೋಟದ ಸುಮಾರು 10,000 ಎಕರೆ ಕೊಂಡು, ಮನೆ ಕಟ್ಟಿಸಿ, 1940ರ ದಶಕದಲ್ಲಿ ಕಡಿಮೆ ಬಡ್ಡಿಯ ಸಾಲದ ಮೇಲೆ ಅಲ್ಲಿನ ಒಕ್ಕಲುಗಳಿಗೇ ಮಾರಿತು. ಗುಲಾಮರ ಮೊಮ್ಮಕ್ಕಳು ತಮ್ಮ ಅಜ್ಜಂದಿರು ದುಡಿದ ಹೊಲಕ್ಕೆ ಒಡೆಯರಾದರು.

ಕಾಗದದ ಮೇಲಿನ ಆ ಹೆಸರಿಗೆ ಎಷ್ಟು ಬೆಲೆ ಎಂಬುದು ತಿಳಿದದ್ದು ಮತದಾನದ ಹೋರಾಟದಲ್ಲಿ. ಕರಿಯರೇ ಬಹುಸಂಖ್ಯಾತರಾಗಿದ್ದ ವಿಲ್ಕಾಕ್ಸ್‌ನಲ್ಲಿ 1965ರ ಆರಂಭದವರೆಗೆ ಒಬ್ಬ ಕರಿಯನ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಆ ವರ್ಷದ ಫೆಬ್ರುವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಗೀಸ್ ಬೆಂಡ್‌ಗೆ ಬಂದರು. ಜನ ಹೆಸರು ನೋಂದಾಯಿಸಲು ಕೌಂಟಿಯ ಕೇಂದ್ರವಾದ ಕ್ಯಾಮ್ಡನ್‌ಗೆ ಹೊರಟರು. ನದಿ ದಾಟಿಸುವ ಫೆರಿ 1962ರಲ್ಲೇ ನಿಂತಿತ್ತು. ತಮ್ಮನ್ನು ತಡೆಯಲೆಂದೇ ನಿಲ್ಲಿಸಿದರೆಂದು ಊರಿನವರು ಹೇಳುತ್ತಾರೆ. ಸುತ್ತಿ ಹೋಗಲು ಸುಮಾರು 40 ಮೈಲಿ. ಆದರೂ ಹೋದರು. ಕೌಂಟಿಯ ಬೇರೆ ಕಡೆ ಮತ ಕೇಳಿದ ಗೇಣಿದಾರರನ್ನು ಧಣಿಗಳು ಒಕ್ಕಲೆಬ್ಬಿಸಿದರು. ಸ್ವಂತ ಹೊಲವಿದ್ದವರನ್ನು ಹಾಗೆ ಎಬ್ಬಿಸುವುದು ಯಾರಿಂದಲೂ ಆಗಲಿಲ್ಲ.

ಹೆಂಗಸರು ಹಳೆಯ ಬಟ್ಟೆಯಲ್ಲಿ ಹೊಲಿಯುತ್ತಿದ್ದ ಕೌದಿಗಳು ಇದೇ ಹೋರಾಟದಿಂದ ಹೊರಜಗತ್ತಿಗೆ ಕಂಡವು. 1966ರಲ್ಲಿ ‘ಫ್ರೀಡಮ್ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘ ಹುಟ್ಟಿತು. ಮುಂದೆ ಅದು ನೆಲ ಕೊಂಡು, ಒಕ್ಕಲೆಬ್ಬಿಸಲ್ಪಟ್ಟ ಕೆಲವು ಕುಟುಂಬಗಳಿಗೆ ನಿವೇಶನ ಮಾರಿತು. 1972ರಲ್ಲಿ ಸಿಯರ್ಸ್ ಕಂಪನಿಗೆ ದಿಂಬಿನ ಗವಸು ಹೊಲಿದುಕೊಡುವ ಕೆಲಸ ಸಿಕ್ಕಿತು. 2002ರಲ್ಲಿ ಗೀಸ್ ಬೆಂಡ್‌ನ ಕೌದಿಗಳು ಹ್ಯೂಸ್ಟನ್ನಿನಲ್ಲೂ ಬಳಿಕ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲೂ ಗೋಡೆಗೇರಿದವು, 2006ರಲ್ಲಿ ಅಂಚೆಚೀಟಿಗಳಾದವು. ಮರುವರ್ಷವೇ ಕೆಲವು ಹೆಂಗಸರು ತಮಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ನ್ಯಾಯಾಲಯಕ್ಕೆ ಹೋದರು, 2008ರಲ್ಲಿ ರಾಜಿಯಾಯಿತು. ಲೆಕ್ಕ ಬರೆಯುವವರು ಯಾರೆಂಬ ಹಳೆಯ ಪ್ರಶ್ನೆ ಕಲೆಯ ಪೇಟೆಯಲ್ಲೂ ಬೆನ್ನು ಬಿಡಲಿಲ್ಲ.

ಇಂದು ಹತ್ತಿಯ ಜಾಗದಲ್ಲಿ ಪೈನ್ ಮರಗಳಿವೆ, ಕಾಗದದ ಗಿರಣಿಯಿದೆ. ನದಿದಂಡೆಯ ಒಳ್ಳೆಯ ಹೊಲಗಳನ್ನು ಅಣೆಕಟ್ಟಿನ ಹಿನ್ನೀರು ನುಂಗಿದೆ. ವಿಲ್ಕಾಕ್ಸ್ ಅಮೆರಿಕದ ಬಡ ಕೌಂಟಿಗಳಲ್ಲಿ ಒಂದಾಗಿಯೇ ಉಳಿದಿದೆ. ಹೊಲವೊಂದೇ ಬಡತನ ಕಳೆಯಲಿಲ್ಲ ಎಂದು ಇದನ್ನು ಓದಬಹುದು. ನಾನು ಓದುವುದು ಹೀಗೆ: ಬೆಳೆ ಹೋಯಿತು, ಬೆಲೆ ಹೋಯಿತು, ಫೆರಿಯೂ 44 ವರ್ಷ ನಿಂತಿತು. ಆದರೆ ಗೀಸ್ ಬೆಂಡ್‌ನ ಜನ ಯಾರ ಅಪ್ಪಣೆಯನ್ನೂ ಕೇಳದೆ ಮತ ಹಾಕಲು ಹೊರಟರಲ್ಲ, ಅದಕ್ಕೆ ನಿಲ್ಲಲು ನೆಲ ಕೊಟ್ಟದ್ದು ಆ ಕೆಲವು ಎಕರೆಗಳ ಕಾಗದಪತ್ರ.