ಓದಿಸಿದವರಿಗೆ ಎಷ್ಟು ಹಕ್ಕು?

ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣಾ ನದಿಯ ದಡದ ಊರು. ಅಲ್ಲಮಪ್ರಭುವಿನ ದೇವಸ್ಥಾನದಿಂದಾಗಿ ಸುತ್ತಲಿನ ಸೀಮೆಗೆಲ್ಲ ಪರಿಚಿತ. ಅಲ್ಲಿಂದ ನದಿಗುಂಟ ಮೇಲಕ್ಕೆ ಹೋದರೆ ಮಲಪ್ರಭೆ ಬಂದು ಸೇರುವ ಕೂಡಲಸಂಗಮ. ಜನಿವಾರ ಒಲ್ಲದೆ ಬಾಗೇವಾಡಿ ಬಿಟ್ಟ ಬಸವಣ್ಣ ಬಂದು ನೆಲೆಸಿದ್ದು ಅಲ್ಲಿ. ಆಗ ಅವನ ತಂದೆತಾಯಿ ಇದ್ದರೇ ಎಂಬ ವಿಷಯದಲ್ಲಿ ಕವಿಗಳಿಗೇ ಒಮ್ಮತವಿಲ್ಲ. ಹರಿಹರನ ರಗಳೆಯಲ್ಲಿ ಅವರು ಮೊದಲೇ ತೀರಿಕೊಂಡು ಅಜ್ಜಿ ಸಾಕಿರುತ್ತಾಳೆ. 1369ರ ಭೀಮಕವಿಯ ಬಸವಪುರಾಣದಲ್ಲಿ ಮಗ ಉಪನಯನವನ್ನು ನಿರಾಕರಿಸಿ ಹೊರಡುತ್ತಾನೆ. ಹಾಗೆ ಹೊರಟ ಹುಡುಗನ ಊಟ, ಓದು ಯಾರ ಖರ್ಚಿನಲ್ಲಿ ನಡೆಯಿತು? ಸಂಗಮದ ಗುರುವಿನ ಆಶ್ರಯದಲ್ಲಿ ಎಂಬುದಕ್ಕಿಂತ ಹೆಚ್ಚಿನ ಲೆಕ್ಕವನ್ನು ಪರಂಪರೆ ಇಟ್ಟಿಲ್ಲ.

ಆದರೆ ಇಂಥ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಟ್ಟವರೂ ಇದೇ ಸೀಮೆಯಲ್ಲಿದ್ದರು. ಬಸವಣ್ಣನಿಗಿಂತ ಸ್ವಲ್ಪ ಹಿಂದೆ, ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂಗಳ ಆಸ್ತಿ ವ್ಯವಹಾರ ಶತಮಾನಗಳ ಕಾಲ ನಡೆದದ್ದು ಆ ಗ್ರಂಥದ ಮೇಲೆ. ಅಣ್ಣತಮ್ಮಂದಿರು ಪಾಲಾಗುವಾಗ ಒಬ್ಬನು ವಿದ್ಯೆಯಿಂದ ಗಳಿಸಿದ ಹಣವೂ ಪಾಲಿಗೆ ಬರಬೇಕೇ ಎಂಬುದು ಅದರಲ್ಲಿ ಚರ್ಚೆಗೆ ಬರುವ ಪ್ರಶ್ನೆಗಳಲ್ಲೊಂದು. ತಂದೆಯ ಸೊತ್ತಿಗೆ ಧಕ್ಕೆ ತಾರದೆ ಗಳಿಸಿದ್ದರೆ ಮಾತ್ರ ಅದು ಗಳಿಸಿದವನದು ಎಂದು ವಿಜ್ಞಾನೇಶ್ವರ ಅರ್ಥ ಮಾಡಿದ. ಕಾತ್ಯಾಯನ ಸ್ಮೃತಿ ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತದೆ: ಪರರ ಅನ್ನ ಉಂಡು, ಪರರಿಂದ ಕಲಿತು ಸಂಪಾದಿಸಿದ್ದೇ ನಿಜವಾದ ವಿದ್ಯಾಧನ. ಮನೆಯ ಅನ್ನ ಉಂಡು ಓದಿದವನ ಗಳಿಕೆಯಲ್ಲಿ ಮನೆಯವರಿಗೂ ಪಾಲುಂಟು.

ಅಂದರೆ ಓದಿಸುವುದು ದಾನವಾಗಿರಲಿಲ್ಲ, ಒಂದು ಬಗೆಯ ಹೂಡಿಕೆಯಾಗಿತ್ತು. ಮನೆಯೊಡನೆ ಮುನಿಸಿಕೊಂಡು ಹೋದ ಮಗನಿಗೆ ಹಣ ಕೊಡಬೇಕೇ ಎಂದು ಇಂದು ಕೇಳುವ ತಂದೆ, ತನಗೆ ತಿಳಿಯದೆಯೇ ಈ ಹಳೆಯ ತಕ್ಕಡಿಯನ್ನು ಹಿಡಿದಿರುತ್ತಾನೆ.

ವಾರಾನ್ನದ ಪದ್ಧತಿಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ. ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದಿದ ಹುಡುಗನ ಕಷ್ಟವನ್ನು ಕನ್ನಡದ ಆತ್ಮಕಥೆಗಳು ಧಾರಾಳವಾಗಿ ಹೇಳಿವೆ. ಹೀಗೆ ಓದಿದವನ ಸಂಬಳದ ಮೇಲೆ ಮನೆಯವರ ಹಿಡಿತ ಸಡಿಲವಾಗಿತ್ತು ಎಂಬುದನ್ನು ಯಾರೂ ಅಷ್ಟಾಗಿ ಹೇಳಿಲ್ಲ. ಆದರೆ ಎಲ್ಲರಿಗೂ ಎಲ್ಲ ಮನೆಯ ಬಾಗಿಲೂ ತೆರೆದಿರಲಿಲ್ಲ. ವಾರಾನ್ನಕ್ಕೆ ಜಾತಿಯ ಗಡಿ ಇತ್ತು. ಆ ಕೊರತೆ ತುಂಬಲು ಸಂಘಗಳು, ಮಠಗಳು ಮುಂದೆ ಬಂದವು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಸಿದ್ಧಗಂಗೆಯಂಥ ಮಠಗಳು ಉಚಿತ ಪ್ರಸಾದ ನಿಲಯಗಳನ್ನು ನಡೆಸಿದವು. ಸಂಸ್ಥಾನಗಳು ಕೊಟ್ಟ ನೆರವಿಗೂ ಋಣದ ಗಂಟು ಇರುತ್ತಿತ್ತು. 1913ರಲ್ಲಿ ಬರೋಡಾದ ವಿದ್ಯಾರ್ಥಿವೇತನ ಪಡೆದ ಅಂಬೇಡ್ಕರ್, ಮರಳಿದ ಮೇಲೆ ಹತ್ತು ವರ್ಷ ಆ ಸಂಸ್ಥಾನದ ಸೇವೆ ಮಾಡುವುದಾಗಿ ಕರಾರಿಗೆ ಸಹಿ ಹಾಕಬೇಕಾಯಿತು.

ಬ್ರಿಟಿಷರ ನ್ಯಾಯಾಲಯಗಳು ಮಿತಾಕ್ಷರಾ ನಿಯಮವನ್ನು ಉಳಿಸಿಕೊಂಡವು. ಓದು ಬರಹದಷ್ಟು ಸಾಮಾನ್ಯ ಶಿಕ್ಷಣಕ್ಕೆ ಪಾಲಿನ ಮಾತಿಲ್ಲ, ವಿಶೇಷ ಶಿಕ್ಷಣವಾದರೆ ಮಾತ್ರ ಉಂಟು ಎಂಬ ವ್ಯತ್ಯಾಸ ಬಂದಿತು. ಕುಟುಂಬದ ಹಣದಲ್ಲಿ ಇಂಗ್ಲೆಂಡಿನಲ್ಲಿ ಓದಿ ಐಸಿಎಸ್ ಸೇರಿದವನ ಗಳಿಕೆಯೂ ಅವಿಭಕ್ತ ಕುಟುಂಬದ ಸೊತ್ತೇ ಎಂದು 1921ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತು. ವಕೀಲರು, ವೈದ್ಯರು, ಅಧಿಕಾರಿಗಳು ಬೆಚ್ಚಿದರು. ಎಂ.ಆರ್. ಜಯಕರ್ ಅವರ ಪ್ರಯತ್ನದಿಂದ 1930ರಲ್ಲಿ ಹಿಂದೂ ವಿದ್ಯಾಧನ ಕಾಯ್ದೆ ಬಂತು. ಯಾರ ಖರ್ಚಿನಲ್ಲೇ ಕಲಿತಿರಲಿ, ವಿದ್ಯೆಯ ಗಳಿಕೆ ಕಲಿತವನದೇ ಎಂದು ಅದು ಸಾರಿತು. ಅದು ಬ್ರಿಟಿಷ್ ಭಾರತದ ಕಾಯ್ದೆ. ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿತ್ತು.

ಹೂಡಿಕೆಗೆ ಪ್ರತಿಫಲದ ಹಕ್ಕು ಇಲ್ಲವಾದ ಮೇಲೆ ಓದಿಸುವ ಹೊಣೆಯಾದರೂ ಉಳಿಯಿತೇ? 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಜೀವನಾಂಶವೆಂದರೆ ಶಿಕ್ಷಣವೂ ಸೇರಿದೆ. ಆದರೆ ಮಗನಿಗೆ ಅದು ಪ್ರಾಯಕ್ಕೆ ಬರುವವರೆಗೆ ಮಾತ್ರ. ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಮಗಳಿಗೆ ಮದುವೆಯಾಗುವವರೆಗೂ ಉಂಟು. ಹದಿನೆಂಟು ತುಂಬುವುದು ಪಿಯುಸಿ ಮುಗಿಯುವ ಹೊತ್ತಿಗೆ. ಖರ್ಚು ಏರುವುದು ಅಲ್ಲಿಂದ ಮುಂದೆ ಎಂಬುದನ್ನು ಯಾವ ತಂದೆಯೂ ಬಲ್ಲ.

ಈ ಬಿರುಕು ಕರ್ನಾಟಕದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ರಾಜ್ಯ ಸರ್ಕಾರದ ನೌಕರರೊಬ್ಬರಿಗೆ ವಿಚ್ಛೇದನವಾಗಿ, ಮತ್ತೆ ಮದುವೆಯಾಗಿ ಇಬ್ಬರು ಮಕ್ಕಳಿದ್ದರು. ಮೊದಲ ಮದುವೆಯ ಮಗನಿಗೆ ತಿಂಗಳಿಗೆ 20,000 ರೂಪಾಯಿ ಕೊಡಬೇಕೆಂದು 2017ರಲ್ಲಿ ಕೌಟುಂಬಿಕ ನ್ಯಾಯಾಲಯ ಆದೇಶಿಸಿತ್ತು. 2021ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು 10,000ಕ್ಕೆ ಇಳಿಸಿ, ವರ್ಷಕ್ಕೆ 1,000 ಏರಿಸುವಂತೆ ಹೇಳಿತು. ಆದರೆ ಹದಿನೆಂಟಕ್ಕೆ ನಿಲ್ಲಿಸಲು ಒಪ್ಪಲಿಲ್ಲ; ಈ ಕಾಲದಲ್ಲಿ ಕನಿಷ್ಠ ಮೊದಲ ಪದವಿ ಮುಗಿಯಬೇಕು ಎಂದಿತು. ಗಂಡಹೆಂಡಿರ ಜಗಳದ ದಂಡವನ್ನು ಮಗ ತೆರಬಾರದು ಎಂಬ ಈ ನಿಲುವು ನ್ಯಾಯವಾದುದೇ. ವಿಚಿತ್ರವೆಂದರೆ, ಒಟ್ಟಿಗೇ ಬಾಳುವ ತಂದೆತಾಯಿಯ ಮಗನಿಗೆ ಇಂಥ ಆದೇಶ ತರುವ ದಾರಿ ಕಾನೂನಿನಲ್ಲಿ ಸ್ಪಷ್ಟವಾಗಿಲ್ಲ. ಮನೆ ಒಡೆದರೆ ಮಾತ್ರ ಓದಿಗೆ ರಕ್ಷಣೆ ಎಂದಾಯಿತು. ಇತ್ತ 2007ರ ಕಾಯ್ದೆಯಂತೆ ವೃದ್ಧ ತಂದೆತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು; ನೀವು ಓದಿಸಿದ್ದೀರಾ ಎಂಬ ಪ್ರಶ್ನೆ ಅಲ್ಲಿ ಷರತ್ತಾಗಿಲ್ಲ.

ಜರ್ಮನಿಯ ಸಿವಿಲ್ ಸಂಹಿತೆ ಮಕ್ಕಳ ವೃತ್ತಿಶಿಕ್ಷಣದ ಖರ್ಚನ್ನು ಪ್ರಾಯಕ್ಕೆ ಬಂದ ಮೇಲೂ ತಂದೆತಾಯಿಯ ಹೊಣೆಯಾಗಿಸಿದೆ. ಮಗನೋ ಮಗಳೋ ಅವರಿಗೆ ಘೋರ ಅಪರಾಧ ಎಸಗಿದ್ದರೆ ಕಡಿತಕ್ಕೆ ಅವಕಾಶವೂ ಉಂಟು. ಬರಿಯ ಮುನಿಸು ಸಾಲದು.

ಹಣವನ್ನು ಬೇಡವೆನ್ನುವ ಮಕ್ಕಳೂ ಇದ್ದಾರೆ. 26 ವರ್ಷ ಬೇರೆಯಾಗಿದ್ದ ದಂಪತಿಯ ಮೊಕದ್ದಮೆಯೊಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. ಐರ್ಲೆಂಡಿನಲ್ಲಿ ಓದುತ್ತಿದ್ದ ಮಗಳಿಗೆಂದು ತಂದೆ 43 ಲಕ್ಷ ರೂಪಾಯಿ ಕೊಟ್ಟಿದ್ದರು. ಆತ್ಮಗೌರವದ ಕಾರಣಕ್ಕೆ ಅವಳು ಮರಳಿ ತೆಗೆದುಕೊಳ್ಳಿ ಎಂದಳು, ತಂದೆ ಒಪ್ಪಲಿಲ್ಲ. ಮಗಳಿಗೆ ತಂದೆತಾಯಿಯಿಂದ ಶಿಕ್ಷಣದ ಖರ್ಚು ಪಡೆಯುವ ಹಕ್ಕಿದೆ, ಹಣ ಅವಳದೇ ಎಂದಿತು ನ್ಯಾಯಾಲಯ. ಹಣದೊಡನೆ ಹಳೆಯ ಋಣವೂ ಬಂದೀತೆಂಬ ಅವಳ ಅಳುಕಿಗೆ ಕಾಯ್ದೆಯಲ್ಲಿ ಉತ್ತರವಿಲ್ಲ.

ದೇವದುರ್ಗ, ಮಾನ್ವಿಯ ಹಳ್ಳಿಗಳಿಂದ ರಾಯಚೂರಿಗೆ ಓದಲು ಬರುವವರ ಪೈಕಿ ಇಂಥ ಲಕ್ಷಗಳ ಮಾತಾಡುವವರು ಅಪರೂಪ. ಅವರಿಗೆ ಆಧಾರವೆಂದರೆ ಸರ್ಕಾರಿ ಹಾಸ್ಟೆಲು ಮತ್ತು ವಿದ್ಯಾರ್ಥಿವೇತನ. ಆದರೆ ಅರ್ಜಿಯ ಜೊತೆ ಪೋಷಕರ ಆದಾಯ ಪ್ರಮಾಣಪತ್ರ ಇರಬೇಕು. ಮನೆ ಬಿಟ್ಟು ಬಂದ ಹುಡುಗಿಯೂ ಆ ಒಂದು ಕಾಗದಕ್ಕಾಗಿ ಅಪ್ಪನ ಹೆಸರಿನಲ್ಲೇ ನಾಡಕಚೇರಿಯ ಬಾಗಿಲಿಗೆ ಹೋಗಬೇಕು.