ಕೋವಿಯ ಲೆಕ್ಕ ಯಾರ ಪುಸ್ತಕದಲ್ಲಿ?

ಬಂದೂಕು ಕೊಳ್ಳುವವರ ಜಾಡನ್ನು ಕ್ರೆಡಿಟ್ ಕಾರ್ಡ್ ಕಂಪನಿಗಳು ಹಿಡಿಯುವುದು ಸರಿಯೇ ಎಂಬ ವಾದ ಅಮೆರಿಕದಲ್ಲಿ ಕೆಲವು ವರ್ಷಗಳಿಂದ ನಡೆದಿದೆ. ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇದು ಹೊಸ ಸಂಗತಿಯಲ್ಲ. ಬಿಂಡಿಗನವಿಲೆಯ ಕಡೆಯ ನಮಗೆ ಮಾತ್ರ ಈ ಪ್ರಶ್ನೆಯೇ ವಿಚಿತ್ರವಾಗಿ ತೋರುತ್ತದೆ. ಏಕೆಂದರೆ ನಮ್ಮಲ್ಲಿ ಕೋವಿಯ ವಿಷಯದಲ್ಲಿ ಗುಟ್ಟೆಂಬುದೇ ಇಲ್ಲ. ಬೆಳೆ ಕಾಯಲು ಕೋವಿ ಇಟ್ಟುಕೊಂಡ ರೈತನ ಹೆಸರು, ಕೋವಿಯ ನಂಬರು, ಎಷ್ಟು ತೋಟಾ ಕೊಳ್ಳಬಹುದೆಂಬ ಮಿತಿ, ಎಲ್ಲವೂ ಲೈಸೆನ್ಸ್ ಪುಸ್ತಕದಲ್ಲಿರುತ್ತವೆ. ತೋಟಾ ಮಾರಿದ ಅಂಗಡಿಯವನು ಅದನ್ನು ಆ ಪುಸ್ತಕದಲ್ಲೂ ತನ್ನ ರಿಜಿಸ್ಟರಿನಲ್ಲೂ ಬರೆಯಬೇಕು. ಚುನಾವಣೆ ಬಂತೆಂದರೆ ಕೋವಿಯನ್ನು ಹೆಗಲಿಗೇರಿಸಿಕೊಂಡು ಠಾಣೆಗೆ ಹೋಗಿ ಒಪ್ಪಿಸಿ ರಸೀದಿ ಪಡೆಯುತ್ತಿದ್ದ ರೈತರನ್ನು, ಮತಗಟ್ಟೆಯ ಕೆಲಸಕ್ಕೆ ಹೋಗುತ್ತಿದ್ದ ನಮ್ಮಂಥ ಉಪಾಧ್ಯಾಯರೆಲ್ಲ ಬಲ್ಲೆವು.

ಈ ಲೆಕ್ಕದ ಮೂಲ ಅಷ್ಟೇನೂ ಗೌರವದ್ದಲ್ಲ. 1857ರ ದಂಗೆಯ ಭಯ ಆರದಿದ್ದ ಕಾಲದಲ್ಲಿ, 1878ರಲ್ಲಿ, ವೈಸರಾಯ್ ಲಿಟ್ಟನ್ ಶಸ್ತ್ರಾಸ್ತ್ರ ಕಾಯ್ದೆಯನ್ನು ತಂದನು. ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಿದ್ದೂ ಅದೇ ವರ್ಷ. ಭಾರತೀಯನಿಗೆ ಲೈಸೆನ್ಸ್ ಕಡ್ಡಾಯವಾಯಿತು, ಯುರೋಪಿಯನ್ನನಿಗೆ ವಿನಾಯಿತಿ ದೊರೆಯಿತು. ಈ ಅವಮಾನ ಎಷ್ಟು ಆಳಕ್ಕಿಳಿದಿತ್ತೆಂದರೆ, 1931ರ ಕರಾಚಿ ಕಾಂಗ್ರೆಸ್ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಆಯುಧ ಹೊಂದುವ ಹಕ್ಕನ್ನೂ ಸೇರಿಸಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು 1948ರಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನೇ ಕೇಳಿದರು. ಅಂಬೇಡ್ಕರರು ವಿರೋಧಿಸಿದರು, ತಿದ್ದುಪಡಿ ಬಿದ್ದುಹೋಯಿತು. ಸ್ವತಂತ್ರ ಭಾರತದ 1959ರ ಕಾಯ್ದೆ ಲೈಸೆನ್ಸನ್ನು ಉಳಿಸಿಕೊಂಡಿತು, ಜನಾಂಗಭೇದವನ್ನು ಕೈಬಿಟ್ಟಿತು.

ನಮ್ಮ ನಾಡಿನಲ್ಲೇ ಒಂದು ಅಪವಾದವುಂಟು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಕೊಡವರಿಗೆ ದೊರೆತ ವಿನಾಯಿತಿ ಇಂದಿಗೂ ನಡೆದುಬಂದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಜನ ಅವರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಆದರೆ ಅಲ್ಲಿಯೂ ವಿನಾಯಿತಿ ಪತ್ರವೊಂದು ಜಿಲ್ಲಾಡಳಿತದಿಂದ ಬರಬೇಕು. ಲೈಸೆನ್ಸ್ ತಪ್ಪಿದೆಯೇ ಹೊರತು ಲೆಕ್ಕ ತಪ್ಪಿಲ್ಲ.

ಅಮೆರಿಕದ ದಾರಿ ಇದಕ್ಕೆ ತದ್ವಿರುದ್ಧ. ಅಲ್ಲಿ ಆಯುಧದ ಹಕ್ಕು ಸಂವಿಧಾನದಲ್ಲೇ ಇದೆ. ಬಂದೂಕುಗಳ ಒಂದು ಕೇಂದ್ರ ದಾಖಲೆ ಪುಸ್ತಕವನ್ನು ಸರ್ಕಾರ ತೆರೆಯಕೂಡದೆಂದು 1986ರ ಕಾಯ್ದೆ ಹೇಳುತ್ತದೆ. ಮುಂಬಾಗಿಲು ಹೀಗೆ ಮುಚ್ಚಿದ್ದರಿಂದ ಹಿತ್ತಿಲ ಬಾಗಿಲಿನ ಯೋಚನೆ ಹುಟ್ಟಿತು. 2016ರಲ್ಲಿ ಆರ್ಲಾಂಡೋ ನಗರದಲ್ಲಿ 49 ಜನರನ್ನು ಕೊಂದವನು ಅದಕ್ಕೆ ಹಿಂದಿನ ಕೆಲವೇ ದಿನಗಳಲ್ಲಿ ಕಾರ್ಡುಗಳ ಮೇಲೆ 26,000 ಡಾಲರಿಗೂ ಹೆಚ್ಚು ಖರ್ಚು ಮಾಡಿದ್ದನು. ಯಾರಾದರೂ ಗಮನಿಸಿದ್ದರೆ ಎಂಬ ಕೊರಗು ಸಹಜವೇ.

ಕಾರ್ಡ್ ವ್ಯವಹಾರದಲ್ಲಿ ಪ್ರತಿ ಅಂಗಡಿಗೂ ನಾಲ್ಕು ಅಂಕಿಯ ಒಂದು ಸಂಕೇತವಿರುತ್ತದೆ. ಕಿರಾಣಿಯ ದೊಡ್ಡ ಅಂಗಡಿಗೆ 5411, ಔಷಧದಂಗಡಿಗೆ 5912. ಬಂದೂಕಿನಂಗಡಿಗೆ ಬೇರೆ ಸಂಕೇತವಿರಲಿಲ್ಲ, ಆಟದ ಸಾಮಾನಿನ ಅಂಗಡಿಗಳ ನಡುವೆ ಅದು ಬೆರೆತುಹೋಗುತ್ತಿತ್ತು. ನ್ಯೂಯಾರ್ಕಿನ ಅಮಾಲ್ಗಮೇಟೆಡ್ ಬ್ಯಾಂಕಿನ ಕೋರಿಕೆಯ ಮೇರೆಗೆ 2022ರ ಸೆಪ್ಟೆಂಬರಿನಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯು 5723 ಎಂಬ ಸಂಕೇತವನ್ನು ಒಪ್ಪಿತು. ವೀಸಾ, ಮಾಸ್ಟರ್‌ಕಾರ್ಡ್ ಮೊದಲಾದವು ಒಪ್ಪಿಕೊಂಡು, 2023ರ ಮಾರ್ಚಿನಲ್ಲಿ ಗದ್ದಲಕ್ಕೆ ಅಂಜಿ ಕೆಲಸ ನಿಲ್ಲಿಸಿದವು. ಈ ಸಂಕೇತ ಯಾವ ಅಂಗಡಿ, ಎಷ್ಟು ಹಣ ಎಂಬುದನ್ನಷ್ಟೇ ಹೇಳುತ್ತದೆ. ಕೊಂಡದ್ದು ಕೋವಿಯೋ, ಅದನ್ನು ಭದ್ರವಾಗಿಡುವ ಕಬ್ಬಿಣದ ಪೆಟ್ಟಿಗೆಯೋ ತಿಳಿಸದು. ಪೆಟ್ಟಿಗೆ ಕೊಂಡ ಎಚ್ಚರಿಕೆಯ ಮನುಷ್ಯನ ಮೇಲೂ ಅನುಮಾನ ಬೀಳಬಹುದೆಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣಲಾರೆ.

ಹಾಗಾದರೆ ನಮ್ಮ ಲೈಸೆನ್ಸ್ ಪುಸ್ತಕಕ್ಕೂ ಆ ಸಂಕೇತಕ್ಕೂ ಏನು ವ್ಯತ್ಯಾಸ? ನನ್ನ ದೃಷ್ಟಿಯಲ್ಲಿ ಬಹಳವಿದೆ. ಲೈಸೆನ್ಸ್ ಪುಸ್ತಕ ರೈತನ ಟ್ರಂಕಿನಲ್ಲೇ ಇರುತ್ತದೆ. ತನ್ನ ವಿಷಯವಾಗಿ ಏನು ಬರೆದಿದ್ದಾರೆಂದು ಅವನು ಓದಬಲ್ಲ, ಓದು ಬಾರದಿದ್ದರೆ ಮಗನಿಂದ ಓದಿಸಬಲ್ಲ. ಬರೆದ ಅಧಿಕಾರಿ ಯಾರು, ಲೈಸೆನ್ಸ್ ನಿರಾಕರಿಸಿದರೆ ಮೇಲ್ಮನವಿ ಎಲ್ಲಿಗೆ ಎಂಬುದು ಕಾಯ್ದೆಯಲ್ಲಿದೆ. ಕಾರ್ಡ್ ಕಂಪನಿಯ ಗಣಕಯಂತ್ರ ತನ್ನನ್ನು ಅನುಮಾನದ ಸಾಲಿಗೆ ಸೇರಿಸಿತೆಂಬುದು ಮಾತ್ರ ಗ್ರಾಹಕನಿಗೆ ತಿಳಿಯುವುದೇ ಇಲ್ಲ.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪಿತ್ತದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಆಧಾರ್ ವಿಷಯವಾಗಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಆ ಅರ್ಜಿ ಹಾಕಿದ್ದರು. 2024ರಲ್ಲಿ ತೀರಿಕೊಂಡರು. ಸರ್ಕಾರವು ಒಬ್ಬನ ಬದುಕಿನೊಳಗೆ ಇಣುಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಇಣುಕುವುದು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬುದು ಆ ತೀರ್ಪಿನ ಅಳತೆಗೋಲು. ಕೋವಿಯ ಲೈಸೆನ್ಸ್ ಈ ಅಳತೆಗೆ ನಿಲ್ಲುತ್ತದೆಂದು ನನಗೆ ಅನ್ನಿಸುತ್ತದೆ. ಕಂಪನಿಗಳ ಸಂಕೇತಪಟ್ಟಿಯ ಬಗ್ಗೆ ಹಾಗೆ ಹೇಳಲಾರೆ. ಆ ಪಟ್ಟಿಯಲ್ಲಿ ವೈದ್ಯರಿಗೂ ಧಾರ್ಮಿಕ ಸಂಸ್ಥೆಗಳಿಗೂ ರಾಜಕೀಯ ಸಂಸ್ಥೆಗಳಿಗೂ ಒಂದೊಂದು ಅಂಕಿ ಮೊದಲಿನಿಂದಲೇ ಇದೆ.

ಅಮೆರಿಕದಲ್ಲಿ ವಾದ ರಾಜ್ಯಗಳ ಪಾಲಾಗಿದೆ. ಫ್ಲಾರಿಡಾ 2023ರಲ್ಲಿ 5723ರ ಬಳಕೆಯನ್ನೇ ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಅದನ್ನು ಕಡ್ಡಾಯಗೊಳಿಸಿ, ಬಂದೂಕಿನಂಗಡಿಗಳಿಗೆ ಆ ಅಂಕಿ ಹಚ್ಚಲು 2025ರ ಮೇ 1ರ ಗಡುವು ಕೊಟ್ಟಿತು.